ಬರಗಾಲದಲ್ಲಿ ಅಂಗಡಿ, ಮಿಲ್ಲು, ಸಣ್ಣ ಉದ್ಯಮ ಇದ್ದೋರು ಏನು ಕೇಳ್ಬಹುದು, ಎಲ್ಲಿ ಕೇಳ್ಬೇಕು (ಉತ್ತರ ಕನ್ನಡದವ್ರಿಗೆ)

ಬರ ಅಂದ ಕೂಡ್ಲೇ ಎಲ್ಲರೂ ರೈತರ ಬಗ್ಗೆ ಮಾತಾಡ್ತಾರೆ, ಮಾತಾಡ್ಲೇಬೇಕು, ಆದ್ರೆ ರೈತರ ಕೈಲಿ ದುಡ್ಡು ಓಡಾಡ್ಲಿಲ್ಲ ಅಂದ್ರೆ ಅದೇ ಊರಿನ ಕಿರಾಣಿ ಅಂಗಡಿ, ಬನವಾಸಿ ಕಡೆಯ ಅವಲಕ್ಕಿ ಮಿಲ್ಲು, ಮುಂಡಗೋಡ-ಹಳಿಯಾಳದ ಟ್ರ್ಯಾಕ್ಟರ್ ಗ್ಯಾರೇಜು, ಕತ್ತಿ-ಕುಡುಗೋಲು ಮಾಡೋ ಆಚಾರ್ರ ಕುಲುಮೆ ಎಲ್ಲಾನೂ ತಣ್ಣಗಾಗತ್ತೆ. ಜೋಯಿಡಾ ಕಡೆ ಹೋಮ್‌ಸ್ಟೇಗೆ ಬೇಸಿಗೇಲಿ ನೀರಿಲ್ಲ, ಕುಮಟಾ-ಹೊನ್ನಾವರದ ಹೊಳೆ ಬದಿ ಬಾವಿಗಳಲ್ಲಿ ಉಪ್ಪು ನೀರು ಬಂದು ಚಾ ಅಂಗಡಿಯವ್ರೂ ಟ್ಯಾಂಕರ್ ತರಿಸ್ಕೊಳ್ಬೇಕು. ಮಳೆ ಜಾಸ್ತಿ ಬೀಳೋ ಜಿಲ್ಲೆ ಇದು, ಇಲ್ಲೆಂಥಾ ಬರ ಅಂತ ಹೊರಗಿನವ್ರು ಕೇಳ್ತಾರೆ, ಇಲ್ಲಿರೋರಿಗೆ ಗೊತ್ತು.

ಮೊದ್ಲು ಒಂದು ವಿಷಯ ನೇರವಾಗಿ ಹೇಳಿಬಿಡ್ತೀನಿ. "ಬರ ಪರಿಹಾರ" ಅಂತ ಖಾತೆಗೆ ಬೀಳೋ ದುಡ್ಡು ಬೆಳೆ ಹಾನಿಗೆ, ಅಂಗಡಿಗಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು, ಆಮೇಲೆ 2024ರ ಶುರುವಲ್ಲಿ ರಾಜ್ಯ ಸರ್ಕಾರ ಮೊದಲ ಕಂತು ಅಂತ 2000 ರೂಪಾಯಿವರೆಗೆ ಹಾಕ್ತು, ಏಪ್ರಿಲ್‌ನಲ್ಲಿ ಕೇಂದ್ರದಿಂದ 3454 ಕೋಟಿ ಬಂತು, ಅದೆಲ್ಲ ಹೋಗಿದ್ದು ಪಹಣಿ ಮತ್ತೆ ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ಇದ್ದ ರೈತರಿಗೆ. ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8500, ಎರಡು ಹೆಕ್ಟೇರ್ ಮಿತಿ, ಅಷ್ಟೇ. ನಿಮ್ಮ ಹೆಸರಲ್ಲೂ ಜಮೀನಿದ್ರೆ ಅದನ್ನ ಬಿಡ್ಬೇಡಿ, ಫ್ರೂಟ್ಸ್ ಐಡಿ ಇಲ್ದಿದ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಇವತ್ತೇ ಮಾಡಿಸ್ಕೊಳ್ಳಿ, ಆದ್ರೆ ಅಂಗಡಿ ಲಾಸಿಗೆ ಪರಿಹಾರ ಬರತ್ತೆ ಅಂತ ಯಾರಾದ್ರೂ ಅರ್ಜಿ ತುಂಬೋಕೆ ದುಡ್ಡು ಕೇಳಿದ್ರೆ ಕೊಡ್ಬೇಡಿ.

ಹಂಗಾದ್ರೆ ನಮಗೇನೂ ಇಲ್ವಾ? ಇದೆ. ಆದ್ರೆ ಅದು ಇರೋದು ತಹಶೀಲ್ದಾರ್ ಆಫೀಸಲ್ಲಲ್ಲ, ನೀವು ಸಾಲ ತಗೊಂಡ ಬ್ಯಾಂಕಲ್ಲಿ. ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆದ್ರೆ ಅಲ್ಲಿನ ಸಾಲಗಾರರಿಗೆ ಕಂತು ಮುಂದೂಡೋದು, ಅವಧಿ ಹೆಚ್ಚಿಸಿ ಇಎಂಐ ಇಳಿಸೋದು, ಅಗತ್ಯ ಇದ್ರೆ ಹೊಸ ಸಾಲ ಕೊಡೋದು, ಇದಕ್ಕೆಲ್ಲ ಬ್ಯಾಂಕಿಗೆ ಆರ್‌ಬಿಐ ನಿಯಮ ಅವಕಾಶ ಕೊಡತ್ತೆ. ಬೆಳೆಸಾಲಕ್ಕೆ ಮಾತ್ರ ಅಲ್ಲ, ವ್ಯಾಪಾರ ಮತ್ತೆ ಸಣ್ಣ ಉದ್ಯಮದ ಸಾಲಕ್ಕೂ. ಇದು ತಾನಾಗಿ ಆಗಲ್ಲ, ಕೇಳ್ಬೇಕು. ಮತ್ತೆ ಯಾವಾಗ ಕೇಳ್ತೀರಿ ಅನ್ನೋದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ಕಂತು ಕಟ್ಟದೇ 90 ದಿನ ದಾಟಿದ್ರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗತ್ತೆ, ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಹಾಳಾಗತ್ತೆ, ಆಮೇಲೆ ಮ್ಯಾನೇಜರ್ ಮನಸ್ಸು ಮಾಡಿದ್ರೂ ಕಷ್ಟ. ನಮ್ಮೋರು ಮಾಡೋದು ಏನಂದ್ರೆ ಮರ್ಯಾದೆ ಪ್ರಶ್ನೆ ಅಂತ ಬ್ಯಾಂಕ್ ಕಡೆ ತಲೆ ಹಾಕೋದೇ ಬಿಡ್ತಾರೆ, ಚಿನ್ನ ಅಡ ಇಟ್ಟು ಒಂದೆರಡು ಕಂತು ತುಂಬಿ ಆಮೇಲೆ ಕೈ ಚೆಲ್ತಾರೆ. ಹಂಗೆ ಮಾಡ್ಬೇಡಿ ದಯವಿಟ್ಟು. ಮೊದಲ ಕಂತು ತಪ್ಪೋದಕ್ಕೂ ಮುಂಚೆನೇ ಹೋಗಿ.

ಬಾಯಲ್ಲಿ ಹೇಳಿ ಬರೋದು ಲೆಕ್ಕಕ್ಕಿಲ್ಲ, ಅರ್ಜಿ ಬರೀಬೇಕು, ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು ತಾರೀಖು ಹಾಕಿಸ್ಕೊಂಡು ವಾಪಸ್ ತರ್ಬೇಕು. ಉದಾಹರಣೆಗೆ ಅವಲಕ್ಕಿ ಮಿಲ್ಲಿನೋರು ಹೀಗೆ ಬರೀಬಹುದು: "ನನ್ನ ಇಂಥ ನಂಬರಿನ ಸಾಲದ ಖಾತೆಗೆ ತಿಂಗಳಿಗೆ ಇಷ್ಟು ಕಂತಿದೆ, ಇಲ್ಲಿವರೆಗೆ ಬಾಕಿ ಉಳಿಸಿಲ್ಲ. ನಮ್ಮ ತಾಲ್ಲೂಕನ್ನು ಸರ್ಕಾರ ಇಂಥ ದಿನಾಂಕದ ಆದೇಶದಲ್ಲಿ ಬರಪೀಡಿತ ಎಂದು ಘೋಷಿಸಿದೆ. ಹೋದ ವರ್ಷ ಸುಗ್ಗಿಯಲ್ಲಿ ಮಿಲ್ಲಿಗೆ ಇಷ್ಟು ಚೀಲ ಭತ್ತ ಬಂದಿತ್ತು, ಈ ವರ್ಷ ಇಷ್ಟು. ನೈಸರ್ಗಿಕ ವಿಕೋಪಕ್ಕೆ ಸಂಬಂಧಿಸಿದ ಆರ್‌ಬಿಐ ನಿಯಮದ ಪ್ರಕಾರ ನನ್ನ ಸಾಲದ ಅವಧಿ ಮರುಹೊಂದಾಣಿಕೆ ಮಾಡಿಕೊಡಬೇಕು." ಅಷ್ಟೇ ಸಾಕು, ಗೋಳು ಹೇಳ್ಕೊಳ್ಳೋದು ಬೇಡ, ಲೆಕ್ಕ ಬೇಕು. ಆದೇಶದ ಪ್ರತಿ ತಾಲ್ಲೂಕು ಆಫೀಸಲ್ಲಿ ಕೇಳಿ ಅರ್ಜಿಗೆ ಲಗತ್ತಿಸಿ. ತಾಲ್ಲೂಕಿನ ಹೆಸರು ಪಟ್ಟೀಲಿ ಇದ್ಯೋ ಇಲ್ವೋ ಮೊದ್ಲೇ ನೋಡ್ಕೊಳ್ಳಿ, ಪಟ್ಟಿ ಒಂದೇ ಸಲ ಬರಲ್ಲ, 2023ರಲ್ಲೂ ಮೊದ್ಲು 195 ಇತ್ತು, ಆಮೇಲೆ ಸೇರಿಸ್ತಾ ಹೋದ್ರು.

ಇನ್ನು ಲೆಕ್ಕ. ಕಿರಾಣಿ ಅಂಗಡಿಯವ್ರ ನಷ್ಟ ಇರೋದು ಉದ್ರಿ ಪುಸ್ತಕದಲ್ಲಿ. ಗಿರಾಕಿ ಬರ್ತಾರೆ, ಸಾಮಾನು ಒಯ್ತಾರೆ, "ಅಡಿಕೆ ಕೊಟ್ಮೇಲೆ ಕೊಡ್ತೆ" ಅಂತಾರೆ, ಆ ದುಡ್ಡು ಬರಲ್ಲ, ಅತ್ಲಾಗೆ ಹೋಲ್‌ಸೇಲ್‌ನವ್ರಿಗೆ ನೀವು ಕೊಡ್ಲೇಬೇಕು. ಹಾಗಾಗಿ ತಿಂಗಳ ಕೊನೆಗೆ ಒಟ್ಟು ಉದ್ರಿ ಎಷ್ಟು ನಿಂತಿದೆ ಅಂತ ಒಂದು ಹಾಳೇಲಿ ಬರೆದಿಡಿ, ಹೋದ ವರ್ಷದ ಅದೇ ತಿಂಗಳ ಪಕ್ಕದಲ್ಲಿ ಇಡಿ, ಫೋನ್‌ಪೇ ಸ್ಟೇಟ್‌ಮೆಂಟು ಎರಡೂ ವರ್ಷದ್ದು ಡೌನ್‌ಲೋಡ್ ಮಾಡ್ಕೊಳ್ಳಿ. ಮಿಲ್ಲಿನೋರಿಗೆ ಕರೆಂಟ್ ಬಿಲ್ಲೇ ಸಾಕ್ಷಿ, ಯೂನಿಟ್ ಎಷ್ಟು ಇಳಿದಿದೆ ಅಂತ ಅದ್ರಲ್ಲೇ ಕಾಣತ್ತೆ. ಕರೆಂಟ್ ಬಿಲ್ ಅಂದ್ನಲ್ಲ, ಮೋಟರ್ ಓಡದೇ ಇದ್ರೂ ಫಿಕ್ಸೆಡ್ ಚಾರ್ಜು ಬರ್ತಾನೇ ಇರತ್ತೆ, ಒಂದು ವರ್ಷ ದೊಡ್ಡ ಮೋಟರ್ ಬೇಡ ಅನ್ಸಿದ್ರೆ ಹೆಸ್ಕಾಂ ಸೆಕ್ಷನ್ ಆಫೀಸಲ್ಲಿ ಲೋಡ್ ಕಡಿಮೆ ಮಾಡೋಕೆ ಅರ್ಜಿ ಕೊಡ್ಬಹುದು. ಮುಂದೆ ಜಾಸ್ತಿ ಮಾಡಿಸೋವಾಗ ಮತ್ತೆ ಖರ್ಚು ಬರತ್ತೆ, ಅದನ್ನೂ ಕೇಳ್ಕೊಂಡೇ ಮಾಡಿ.

ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇಲ್ದೇ ಇದ್ರೆ ಕಾಗದದಲ್ಲಿ ನೀವು ಉದ್ಯಮಿನೇ ಅಲ್ಲ, ಹಾಗಾಗಿ ಅದನ್ನ ಮಾಡಿಸ್ಕೊಳ್ಳಿ. ಪೂರ್ತಿ ಫ್ರೀ, ಆಧಾರ್ ಮತ್ತೆ ಪ್ಯಾನ್ ಸಾಕು, ಸರ್ಕಾರಿ ವೆಬ್‌ಸೈಟಲ್ಲೇ ಮಾಡಿ, ಅದೇ ಥರ ಕಾಣೋ ದುಡ್ಡು ಕೇಳೋ ಸೈಟುಗಳು ಬಹಳ ಇವೆ.

ಈಗ ಸ್ಕೀಮ್‌ಗಳು. ಇವು ಬರದ ಸ್ಕೀಮ್ ಅಲ್ಲ, ಬರದಲ್ಲೂ ಉಪಯೋಗಕ್ಕೆ ಬರೋವು. ಜನ ಜಾಸ್ತಿ ಕೇಳೋದು ಪಿಎಂಇಜಿಪಿ (ಸ್ವಂತ ಉದ್ಯಮಕ್ಕೆ ಸಾಲದ ಮೇಲೆ ಸಬ್ಸಿಡಿ ಕೊಡೋ ಕೇಂದ್ರದ ಯೋಜನೆ), ಹಳ್ಳೀಲಿ ಸಾಮಾನ್ಯ ವರ್ಗಕ್ಕೆ 25%, ಮಹಿಳೆಯರು, ಎಸ್‌ಸಿ ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರಿಗೆಲ್ಲ 35% ಸಬ್ಸಿಡಿ, ಆದ್ರೆ ಅದು ಹೊಸ ಯೂನಿಟ್‌ಗೆ, ಕಷ್ಟದಲ್ಲಿರೋ ಹಳೇ ಅಂಗಡಿ ಎತ್ತಿ ನಿಲ್ಸೋಕಲ್ಲ, ಮತ್ತೆ ಸಬ್ಸಿಡಿ ದುಡ್ಡು ಮೂರು ವರ್ಷ ಬ್ಯಾಂಕಲ್ಲೇ ಡೆಪಾಸಿಟ್ ಆಗಿರತ್ತೆ, ಕೈಗೆ ಸಿಗಲ್ಲ. ಹಳೇ ಯೂನಿಟ್ ಇದ್ದೋರಿಗೆ, ಅದೂ ತಿಂಡಿ-ಆಹಾರದ್ದು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿರಪ್, ಅವಲಕ್ಕಿ, ಜೋನಿ ಬೆಲ್ಲ ಇಂಥವಕ್ಕೆಲ್ಲ ಪಿಎಂಎಫ್‌ಎಂಇ (ಸಣ್ಣ ಆಹಾರ ತಯಾರಿಕೆ ಘಟಕಗಳಿಗಿರೋ ಯೋಜನೆ) ಚೆನ್ನಾಗಿದೆ ಅನ್ನೋದು ನನ್ನ ಅಭಿಪ್ರಾಯ. ಕೇಂದ್ರದ 35% ಜೊತೆ ನಮ್ಮ ರಾಜ್ಯ ಸರ್ಕಾರ 15% ಸೇರಿಸಿ ಅರ್ಧಕ್ಕರ್ಧ ಸಬ್ಸಿಡಿ, ಗರಿಷ್ಠ 15 ಲಕ್ಷ. ಸ್ವಸಹಾಯ ಸಂಘದ ಹೆಂಗಸರಿಗೆ ಒಬ್ಬೊಬ್ರಿಗೆ 40 ಸಾವಿರದವರೆಗೆ ಬೀಜ ಬಂಡವಾಳನೂ ಇದೆ. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ, ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಅವ್ರೇ ಮಾಡ್ಕೊಡ್ಬೇಕು, ಅದಕ್ಕೆ ನೀವು ದುಡ್ಡು ಕೊಡೋ ಹಾಗಿಲ್ಲ. ಕೃಷಿ ಇಲಾಖೇಲಿ ಅರ್ಜಿ ಓಪನ್ ಇದ್ಯಾ ಅಂತ ಕೇಳ್ಕೊಂಡು ಶುರು ಮಾಡಿ. ಆದ್ರೆ ಸಾಲ ಇಲ್ದೇ ಈ ಸಬ್ಸಿಡಿ ಇಲ್ಲ, ಈಗಾಗ್ಲೇ ಕಂತು ಕಟ್ಟೋಕೆ ಆಗ್ತಿಲ್ಲ ಅಂದ್ರೆ ಮೊದ್ಲು ಹಳೇ ಸಾಲ ಸರಿ ಮಾಡ್ಕೊಳ್ಳಿ.

ಕುಲುಮೆ, ಬಡಗಿ, ಕುಂಬಾರ, ಬುಟ್ಟಿ ಹೆಣೆಯೋರು, ಕ್ಷೌರದಂಗಡಿ, ಟೈಲರ್ ಇವ್ರಿಗೆ ಪಿಎಂ ವಿಶ್ವಕರ್ಮ. ತರಬೇತಿ ದಿನಕ್ಕೆ 500 ರೂಪಾಯಿ, ಕಸುಬಿನ ಸಾಮಾನಿಗೆ 15 ಸಾವಿರ, 5% ಬಡ್ಡೀಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಮನೇಲಿ ಒಬ್ರಿಗೆ ಮಾತ್ರ.

ಸಾಲ ಸಂಘ, ಫೈನಾನ್ಸಿನೋರ ವಾರದ ಕಂತಿನ ಕಾಟ ಇದ್ರೆ ಇದು ನೆನಪಿರ್ಲಿ: ಆರ್‌ಬಿಐ ನಿಯಮದಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ನಂತರ ಬರೋಹಾಗಿಲ್ಲ, ಫೋನ್ ಮಾಡೋಹಾಗಿಲ್ಲ. ಬಾಯಿಗೆ ಬಂದ ಹಾಗೆ ಬೈಯೋಹಾಗೂ ಇಲ್ಲ.

ಬ್ಯಾಂಕ್ ಮ್ಯಾನೇಜರ್ ಅರ್ಜಿ ತಗೊಳ್ಳಲ್ಲ ಅಂದ್ರೆ ಅಲ್ಲೇ ಜಗಳ ಬೇಡ, ರಿಜಿಸ್ಟರ್ ಪೋಸ್ಟಲ್ಲಿ ಕಳ್ಸಿ, ಒಂದು ಪ್ರತಿ ಕಾರವಾರದಲ್ಲಿ ಜಿಲ್ಲೆಯ ಬ್ಯಾಂಕುಗಳ ಕೆಲ್ಸ ಹೊಂದಿಸೋ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ, ಇನ್ನೊಂದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ. ಮುಂಡಗೋಡದಿಂದ ಕಾರವಾರ ಅಂದ್ರೆ ಘಟ್ಟ ಇಳಿದು ಒಂದಿಡೀ ದಿನದ ಕೆಲ್ಸ, ಹಾಗಾಗಿ ಹೋಗೋ ಮುಂಚೆ ಫೋನ್ ಮಾಡಿ ಸಾಹೇಬ್ರು ಇದ್ದಾರಾ ಕೇಳ್ಕೊಳ್ಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಆದ್ರೂ ಉತ್ತರ ಇಲ್ದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಬರೀಬಹುದು, ಖರ್ಚಿಲ್ಲ, ವಿಚಾರಿಸೋಕೆ 14448ಕ್ಕೆ ಫೋನ್ ಮಾಡಿ. ಆಗ ಅವರು ಮೊದ್ಲು ಕೇಳೋದೇ ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಎಲ್ಲಿ ಅಂತ, ಅದಕ್ಕೇ ಅರ್ಜಿ ಮತ್ತೆ ದೂರಿನ ಸೀಲು ಬಿದ್ದ ಹಾಳೆ, ಪೋಸ್ಟಿನ ರಸೀದಿ ಎರಡನ್ನೂ ಜೋಪಾನ ಮಾಡಿ, ಫೋಟೋ ತೆಗೆದು ಮನೇಲಿ ಇನ್ನೊಬ್ರ ಫೋನಿಗೂ ಕಳ್ಸಿಡಿ.