ಚೈನಿನ ಎಣ್ಣೆ ಬಟ್ಟೆಗೆ ಹತ್ತಿದರೆ ನಲ್ಲಿಯ ಕಡೆ ಓಡಬೇಡಿ

ಬೈಕಿನ ಚೈನ್ ಸರಿ ಮಾಡಿ ಎದ್ದರೆ ಪ್ಯಾಂಟಿನ ಮೇಲೆ ಕಪ್ಪು ಕಲೆ. ನಮ್ಮ ಮನೆಯಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ: ಬಚ್ಚಲಿಗೆ ಓಡಿ, ನೀರು ಸುರಿದು, ಸೋಪು ಹಚ್ಚಿ ಗಸಗಸ ಉಜ್ಜುವುದು. ಹತ್ತು ನಿಮಿಷದಲ್ಲಿ ರೂಪಾಯಿ ಅಗಲದ ಕಲೆ ಅಂಗೈ ಅಗಲ ಆಗಿರುತ್ತದೆ.

ಮೊದಲು ಹಳೆ ಬನಿಯನ್ ತುಂಡಿನಿಂದ ಎಣ್ಣೆಯನ್ನು ಒತ್ತಿ ತೆಗೆಯಿರಿ. ಗಟ್ಟಿ ಗ್ರೀಸಾದರೆ ಚಮಚದ ಅಂಚಿನಲ್ಲಿ ಕೆರೆಯಿರಿ. ಆಮೇಲೆ ಮುಖದ ಪೌಡರ್ ದಪ್ಪಗೆ ಉದುರಿಸಿ ಅರ್ಧ ಗಂಟೆ ಬಿಡಿ. ಕಾರ್ನ್‌ಫ್ಲೋರ್ ಕೂಡ ನಡೆಯುತ್ತದೆ. ಕೊಡವಿ.

ಈಗ ಎಲ್ಲರೂ ಎಡವುವ ಜಾಗ. ಬಟ್ಟೆ ಒಣಗಿರುವಾಗಲೇ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರು ಬೆರೆಸದೆ ಹಚ್ಚಬೇಕು. ಬಟ್ಟೆ ಮೊದಲೇ ನೆನೆದಿದ್ದರೆ ಲಿಕ್ವಿಡ್ ತೆಳುವಾಗಿಬಿಡುತ್ತದೆ, ಎಣ್ಣೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ, ಕಲೆಯ ಮುಖ ಕೆಳಗೆ ಬರುವ ಹಾಗೆ ಹಳೆ ಟವೆಲ್ ಮೇಲೆ ಹಾಸಿ. ಹಿಂಬದಿಯಿಂದ ಲಿಕ್ವಿಡ್ ಹಚ್ಚಿದರೆ ಎಣ್ಣೆ ಬಂದ ದಾರಿಯಲ್ಲೇ ಟವೆಲ್‌ಗೆ ಇಳಿಯುತ್ತದೆ. ಹಳೆ ಟೂತ್‌ಬ್ರಷ್‌ನಲ್ಲಿ ಅಂಚಿನಿಂದ ನಡುವಿಗೆ ಮೆಲ್ಲಗೆ ತಿಕ್ಕಿ. ನಡುವಿನಿಂದ ಹೊರಕ್ಕೆ ತಿಕ್ಕಿದರೆ ಕಲೆ ಹರಡುತ್ತದೆ. ಟವೆಲ್ ಕಪ್ಪಾದಂತೆ ಜಾಗ ಬದಲಿಸಿ. ಹದಿನೈದು ನಿಮಿಷ ಬಿಟ್ಟು, ಬಟ್ಟೆ ತಡೆಯುವಷ್ಟು ಬಿಸಿ ನೀರಲ್ಲಿ ಜಾಲಿಸಿ. ಒಂದೇ ಸಲಕ್ಕೆ ಹೋಗುವುದು ಕಡಿಮೆ, ಎರಡು ಮೂರು ಸುತ್ತು ಬೇಕು. ಬಳಸಿದ ಇಂಜಿನ್ ಆಯಿಲ್‌ನಲ್ಲಿ ಮಸಿಯೂ ಸೇರಿರುತ್ತದೆ. ಎಣ್ಣೆ ಹೋದರೂ ಬೂದು ನೆರಳು ಉಳಿಯಬಹುದು.

ಸೀಮೆಎಣ್ಣೆ, ಪೆಟ್ರೋಲ್ ಹಾಕಿದರೆ ಬೇಗ ಹೋಗುತ್ತೆ ಅನ್ನುವವರು ಇದ್ದೇ ಇರುತ್ತಾರೆ. ಎಣ್ಣೆ ಕರಗುವುದೇನೋ ನಿಜ. ಆದರೆ ಬೆಂಕಿಯ ಭಯ. ಅಂಥ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಲೇಬೇಡಿ. ಬ್ಲೀಚ್ ಸುಮ್ನೆ ದಂಡ, ಬಣ್ಣ ಹೋಗುತ್ತದೆ, ಎಣ್ಣೆ ಹೋಗುವುದಿಲ್ಲ. ಕಲೆ ತೆಗೆಯುವ ಪೆನ್ನು ಅಂತ ದುಡ್ಡು ಕೊಟ್ಟು ತಂದಿದ್ದೆ. ಕಾಫಿ ಕಲೆಗೆ ಪರವಾಗಿಲ್ಲ, ಗ್ರೀಸಿಗೆ ಏನೂ ಮಾಡಲಿಲ್ಲ.

ಒಣಗಿ ಹಳೆಯದಾದ ಗ್ರೀಸಿಗೆ ಮೊದಲು ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗಾಗಲು ಬಿಡಿ. ಎಣ್ಣೆಗೆ ಎಣ್ಣೆಯಾ ಅನ್ನಿಸುತ್ತದೆ, ಅಲ್ವಾ? ಕೈಗೆ ಹತ್ತಿದ ಗ್ರೀಸೂ ಹೀಗೇ ಬಿಡುತ್ತದೆ. ಆಮೇಲೆ ಅದೇ ಲಿಕ್ವಿಡ್. ರೇಷ್ಮೆ ಸೀರೆಯಾದರೆ ಪೌಡರ್‌ಗೇ ನಿಲ್ಲಿಸಿ ಡ್ರೈಕ್ಲೀನಿಂಗ್‌ಗೆ ಕೊಡಿ.

ಸಿಮೆಂಟ್ ನೆಲಕ್ಕೆ ಬಿದ್ದಿದ್ದರೆ ಮರದ ಹೊಟ್ಟು ಸುರಿದು ರಾತ್ರಿ ಬಿಟ್ಟು, ಬೆಳಿಗ್ಗೆ ಸೋಪಿನ ಪುಡಿ ಹಾಕಿ ಗಟ್ಟಿ ಬ್ರಷ್‌ನಲ್ಲಿ ತಿಕ್ಕಿದರಾಯಿತು.

ಇನ್ನು ಬಟ್ಟೆ ಒಣಗಿಸುವುದು. ನೆನೆದ ಬಟ್ಟೆಯಲ್ಲಿ ಕಲೆ ಕಾಣುವುದಿಲ್ಲ. ನೆರಳಲ್ಲಿ ಒಣಗಿಸಿ ಬೆಳಕಿಗೆ ಹಿಡಿದು ನೋಡಿ. ಕಲೆ ಪೂರ್ತಿ ಹೋಗುವ ತನಕ ಬಿಸಿಲು ಬೇಡ, ಇಸ್ತ್ರಿಯಂತೂ ಬೇಡವೇ ಬೇಡ.