ಹುಟ್ಟುಹಬ್ಬಕ್ಕೆ ಒಂದು ಪುಟ: ಮಗುವಿನ ಸ್ವಭಾವ ಬರೆದಿಡುವ ನನ್ನ ಪದ್ಧತಿ

ಸಾಗರದಲ್ಲಿ ನಮ್ಮ ಮನೆಯ ಜಗಲಿಯೇ ನನ್ನ ಅಂಗಡಿ. ಒಂದು ಹೊಲಿಗೆ ಮಿಷನ್, ಒಂದು ಕಟಿಂಗ್ ಟೇಬಲ್, ಮೊಳೆಗೆ ನೇತು ಹಾಕಿದ ಅಳತೆ ಪುಸ್ತಕ. ಅದರಲ್ಲಿ ಬ್ಲೌಸ್ ಹೊಲಿಸುವವರ ಉದ್ದ, ಭುಜ, ಎದೆ, ತೋಳು, ಪಕ್ಕದಲ್ಲಿ ಒಂದೆರಡು ಮಾತು ಇರುತ್ತದೆ. 'ಎಡ ಭುಜ ಸ್ವಲ್ಪ ಇಳಿದಿದೆ', 'ಕುತ್ತಿಗೆ ಆಳ ಬೇಡ' ಅಂತ. ಮಗನಿಗೆ ವರ್ಷ ತುಂಬಿದ ರಾತ್ರಿ ಅದೇ ಪುಸ್ತಕದ ಕೊನೆ ಹಾಳೆಯಲ್ಲಿ ಅವನ ಬಗ್ಗೆ ನಾಲ್ಕು ಸಾಲು ಬರೆದೆ. ಅಲ್ಲಿಂದ ಅಭ್ಯಾಸವಾಯಿತು. ಈಗ ಅವನಿಗೆ ಒಂಬತ್ತು. ಮಗಳಿಗೆ 2025ರ ಜುಲೈಗೆ ಐದು ತುಂಬಿತು. ಇಬ್ಬರಿಗೂ ಬೇರೆ ಬೇರೆ ಪುಸ್ತಕ ಇದೆ. ಬ್ಲೌಸ್ ಒಯ್ಯಲು ಬಂದವರು ನೋಡಿ, "ಇದನ್ನ ಹೇಗೆ ಬರೀತೀರಿ, ನಮಗೂ ಹೇಳಿ" ಅನ್ನುತ್ತಾರೆ. ಅದಕ್ಕೇ ಇದು.

ತೂಕ, ಎತ್ತರ, ಚುಚ್ಚುಮದ್ದು ಎಲ್ಲಾ ತಾಯಿ ಕಾರ್ಡಿನಲ್ಲಿದೆ. ನಾವು ಬರೆಯಬೇಕಾದ್ದು ಅದರಲ್ಲಿ ಇಲ್ಲದ್ದನ್ನು.

ಮೊದಲನೆಯದಾಗಿ, ಹುಟ್ಟುಹಬ್ಬದ ದಿನವೇ ಬರೆಯಲು ಕೂರಬೇಡಿ. ಅವತ್ತು ಕೇಕು, ನೆಂಟರು, ಪಾತ್ರೆ. ಮಗುವೂ ಅವತ್ತು ಅದರ ಹಾಗೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಅನುಕೂಲ ಇದೆ. ಅತ್ತೆ ನಕ್ಷತ್ರ ನೋಡಿ ಹುಟ್ಟುಹಬ್ಬ ಮಾಡುವವರು, ಮಕ್ಕಳು ತಾರೀಖು ನೋಡಿ ಕೇಕು ಕೇಳುವವರು. ಎರಡೂ ಒಂದೇ ದಿನ ಬರುವುದು ಅಪರೂಪ. ಈ ಸಲ ಮಗಳ ನಕ್ಷತ್ರ ತಾರೀಖಿಗಿಂತ ನಾಲ್ಕು ದಿನ ಆಚೆ ಬಿತ್ತು. ಆ ನಡುವಿನ ದಿನಗಳಲ್ಲಿ ರಾತ್ರಿ ಹೊತ್ತು, ಮಕ್ಕಳು ಮಲಗಿದ ಮೇಲೆ ಬರೆದೆ. ನಿಮ್ಮ ಮನೆಯಲ್ಲಿ ಎರಡು ಹುಟ್ಟುಹಬ್ಬ ಇಲ್ಲದಿದ್ದರೆ ಹಿಂದಿನ ವಾರದಲ್ಲೇ ಒಂದು ರಾತ್ರಿ ಇಟ್ಟುಕೊಳ್ಳಿ.

ಈಗ ಮುಖ್ಯವಾದದ್ದು. ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ.

ಮಗಳ ಮೂರನೇ ಹುಟ್ಟುಹಬ್ಬಕ್ಕೆ ಗುಲಾಬಿ ನೆಟ್ ಬಟ್ಟೆ ತಂದು ನಾನೇ ಫ್ರಾಕ್ ಹೊಲಿದೆ. ಎರಡು ರಾತ್ರಿ ಕೂತಿದ್ದೆ. ಹಾಕಿದ ಐದೇ ನಿಮಿಷಕ್ಕೆ ಕಿತ್ತು ತೆಗೆದಳು. ಮತ್ತೆ ಹಾಕಿದೆ. ನೆಲಕ್ಕೆ ಬಿದ್ದು ಅತ್ತಳು. ನೆಂಟರೆಲ್ಲ ನೋಡುತ್ತಿದ್ದಾರೆ. ನನಗೂ ಸಿಟ್ಟು ಬಂತು, ಕೈ ಎತ್ತಿದೆ. ಕೊನೆಗೆ ಹಳೇ ಹತ್ತಿ ಪೆಟಿಕೋಟಿನಲ್ಲೇ ಕೇಕ್ ಕತ್ತರಿಸಿದಳು. ಫೋಟೋದಲ್ಲಿ ಹಾಗೇ ಇದ್ದಾಳೆ. ಆ ರಾತ್ರಿ ಪುಸ್ತಕದಲ್ಲಿ ಬರೆದೆ: 'ವಿಪರೀತ ಹಠ. ಯಾರ ಮಾತೂ ಕೇಳಲ್ಲ.'

ದೀಪಾವಳಿ ಹೊತ್ತಿಗೆ ಆ ಫ್ರಾಕು ಬಿಚ್ಚಿ ನೆಟ್ ಬೇರೆಯದಕ್ಕೆ ಬಳಸೋಣ ಅಂತ ತೆಗೆದೆ. ಸೊಂಟದ ಒಳಗೆ ಕೈ ಹಾಕಿದರೆ ಮುಳ್ಳಿನ ಹಾಗೆ ಚುಚ್ಚಿತು. ಲೈನಿಂಗ್ ಸೊಂಟದವರೆಗೆ ಬಂದಿರಲಿಲ್ಲ, ನೆಟ್‌ನ ಕತ್ತರಿಸಿದ ಅಂಚು ಹಾಗೇ ಮೈಗೆ ತಾಗುತ್ತಿತ್ತು. ಗಿರಾಕಿಯ ಬಟ್ಟೆಯಾಗಿದ್ದರೆ ಹೀಗೆ ಬಿಡುತ್ತಿರಲಿಲ್ಲ. ಆಮೇಲೆ ಒಂದೊಂದೇ ಜ್ಞಾಪಕಕ್ಕೆ ಬಂತು. ಅಂಗಿಯ ಕುತ್ತಿಗೆ ಹಿಂದಿನ ಲೇಬಲ್ ಕೀಳುವುದು, ಉಲ್ಲನ್ ಟೋಪಿ ಎಸೆಯುವುದು, ಮಿಕ್ಸಿ ತಿರುಗಿಸಿದರೆ ಕಿವಿ ಮುಚ್ಚಿ ಹಿತ್ತಲಿಗೆ ಓಡುವುದು. ಇದು ಹಠ ಹೇಗಾಗುತ್ತೆ? ನಮಗೆ ಗೊತ್ತೇ ಆಗದ್ದು ಅವಳ ಮೈಗೆ, ಕಿವಿಗೆ ಜೋರಾಗಿ ತಾಗುತ್ತೆ, ಅಷ್ಟೇ. ಹಳೇ ಸಾಲನ್ನು ಹೊಡೆದು ಹಾಕಲಿಲ್ಲ. ಕೆಳಗೆ ತಾರೀಖು ಹಾಕಿ ಬರೆದೆ: 'ಫ್ರಾಕು ಚುಚ್ಚುತ್ತಿತ್ತು. ತಪ್ಪು ನನ್ನದು.'

ಹಾಗಾಗಿ ಕಂಡದ್ದನ್ನು ಬರೆಯಿರಿ. ಹಠ, ಜಾಣೆ, ನಾಚಿಕೆ, ತುಂಟ, ಈ ಪದಗಳು ಬಾಯಿಗೆ ಬಂದ ಕೂಡಲೇ ಪೆನ್ನು ಕೆಳಗಿಡಿ. ಏನು ನೋಡಿ ನಿಮಗೆ ಹಾಗನ್ನಿಸಿತು ಅಂತ ಯೋಚಿಸಿ, ಅದನ್ನೇ ಬರೆಯಿರಿ. ಮಗನ ನಾಲ್ಕನೇ ವರ್ಷದ ಪುಟದಲ್ಲಿ ಒಂದು ಸಾಲಿದೆ: 'ಬಾಗಿಲ ಹತ್ತಿರ ಚಪ್ಪಲಿ ಜೋಡಿ ಮಾಡಿಯೇ ಒಳಗೆ ಬರ್ತಾನೆ. ಗಿರಾಕಿಗಳದ್ದನ್ನೂ ಜೋಡಿ ಮಾಡ್ತಾನೆ.' ಅದನ್ನು ಓದಿದರೆ ಇವತ್ತಿಗೂ ಆ ಹುಡುಗ ಕಣ್ಣ ಮುಂದೆ ಬರುತ್ತಾನೆ. ಅದೇ ಪುಟದಲ್ಲಿ 'ತುಂಬಾ ಶಿಸ್ತು' ಅಂತಲೂ ಬರೆದಿದ್ದೇನೆ. ಅದು ಯಾವ ಹುಡುಗನ ಬಗ್ಗೆ ಬೇಕಾದರೂ ಇರಬಹುದು.

ಏನೇನು ನೋಡಬೇಕು ಅಂತ ಗೊತ್ತಾಗದಿದ್ದರೆ ಒಂದು ಒಳ್ಳೆ ಪಟ್ಟಿ ಇದೆ. ನನ್ನ ಹತ್ತಿರ ಹೊಲಿಸುವ ಬಿ.ಎಡ್. ಮೇಡಂ ಒಬ್ಬರು ಹೇಳಿದ್ದು. ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಅಂತ ನ್ಯೂಯಾರ್ಕಿನ ಗಂಡ ಹೆಂಡತಿ, ಇಬ್ಬರೂ ಮನೋವೈದ್ಯರು. 1956ರಲ್ಲಿ ಶುರು ಮಾಡಿ 133 ಮಕ್ಕಳನ್ನು ಕೂಸಾಗಿದ್ದಾಗಿನಿಂದ ದೊಡ್ಡವರಾಗುವ ತನಕ ನೋಡಿದರಂತೆ. ಸ್ವಭಾವವನ್ನು ಒಂಬತ್ತು ಭಾಗ ಮಾಡಿದರು. ಅವನ್ನು ನಾನು ನನ್ನ ಭಾಷೆಗೆ ತಂದುಕೊಂಡಿದ್ದೇನೆ. ಊಟಕ್ಕೆ ಕೂತರೆ ಕೂತಲ್ಲಿ ಇರುತ್ತಾ? ಹಸಿವು, ನಿದ್ದೆ ದಿನಾ ಒಂದೇ ಹೊತ್ತಿಗೆ ಬರುತ್ತಾ? ಹೊಸಬರು ಬಂದರೆ ಮುಂದೆ ಬರುತ್ತಾ, ಸೆರಗಿನ ಹಿಂದೆ ಹೋಗುತ್ತಾ? ಹೋದರೂ ಎಷ್ಟು ಹೊತ್ತಿಗೆ ಹೊಂದಿಕೊಳ್ಳುತ್ತೆ? ಬಟ್ಟೆ, ಸದ್ದು, ಖಾರ ಎಷ್ಟು ತಾಗುತ್ತೆ? ನಕ್ಕರೆ, ಅತ್ತರೆ ಪಕ್ಕದ ಮನೆಗೆ ಕೇಳುತ್ತಾ? ಬೆಳಿಗ್ಗೆ ಏಳುವಾಗ ಮುಖ ಹೇಗಿರುತ್ತೆ? ಅಳುವಾಗ ಕಾಗೆ ತೋರಿಸಿದರೆ ಮರೆಯುತ್ತಾ? ಗುಂಡಿ ಹಾಕಿಕೊಳ್ಳಲು ಬರದಿದ್ದರೆ ಎಷ್ಟು ಸಲ ಮಾಡಿ ಬಿಡುತ್ತೆ? ಎಲ್ಲಕ್ಕೂ ಪ್ರತಿ ವರ್ಷ ಉತ್ತರ ಬರೆಯಬೇಕಿಲ್ಲ. ಆ ವರ್ಷ ಎದ್ದು ಕಂಡ ಎರಡು ಮೂರು ಸಾಕು.

ಅವರು ಮಕ್ಕಳನ್ನು ಗುಂಪು ಮಾಡಿಯೂ ನೋಡಿದರು. ನೂರಕ್ಕೆ 40 ಮಕ್ಕಳು ಸುಲಭದವರು, 10 ಕಷ್ಟದವರು, 15 ನಿಧಾನಕ್ಕೆ ಹೊಂದಿಕೊಳ್ಳುವವರು. ಉಳಿದ 35 ಯಾವ ಗುಂಪಿಗೂ ಸೇರಲಿಲ್ಲ! ನನಗೆ ಇಷ್ಟವಾದದ್ದು ಆ 35. ಅವರು ಹೇಳಿದ ಇನ್ನೊಂದು ಮಾತು, ಮಗುವಿನ ಸ್ವಭಾವ ಒಂದೇ ನೋಡಿದರೆ ಆಗುವುದಿಲ್ಲ, ಮನೆಯವರಿಗೂ ಅದಕ್ಕೂ ಹೊಂದುತ್ತಾ ಅಂತ ನೋಡಬೇಕು ಅನ್ನುವುದು. ಇದು ನನಗೆ ಹೊಸದಲ್ಲ. ಬ್ಲೌಸ್ ಬಿಗಿಯಾದರೆ ಟೈಲರ್ ಯಾವತ್ತಾದರೂ ಗಿರಾಕಿಯ ಮೈಗೆ ಬೈಯುತ್ತಾಳಾ?

2023ರ ಮಾರಿಕಾಂಬ ಜಾತ್ರೆ ನೆನಪಾಗುತ್ತೆ. ನಮ್ಮೂರಲ್ಲಿ ಮೂರು ವರ್ಷಕ್ಕೊಂದು ಸಲ ಬರುವ ಜಾತ್ರೆ, ಬಿಡುವ ಹಾಗಿಲ್ಲ. ಎರಡೂವರೆ ವರ್ಷದವಳನ್ನು ಒತ್ತಾಯ ಮಾಡಿ ತೊಟ್ಟಿಲಲ್ಲಿ ಕೂರಿಸಿದೆ. ಕೆಳಗಿಳಿಯುವ ತನಕ ಕಿರುಚಿದಳು, ಇಳಿದ ಮೇಲೆ ವಾಂತಿ. ಕಳೆದ ವರ್ಷ ಒಂದು ಮದುವೆ ಮನೆಯಲ್ಲಿ ಜಾರುಬಂಡಿ ಇಟ್ಟಿದ್ದರು. ನಾನು ಸುಮ್ನೆ ಇದ್ದೆ. ಕಂಬ ಹಿಡಿದುಕೊಂಡು ಬೇರೆ ಮಕ್ಕಳನ್ನೇ ನೋಡುತ್ತಾ ನಿಂತಳು. ಎರಡು ಪಂಕ್ತಿ ಊಟ ಮುಗಿಯಿತು, ಇನ್ನೂ ನಿಂತೇ ಇದ್ದಳು. ಆಮೇಲೆ ತಾನೇ ಹೋಗಿ ಹತ್ತಿದಳು, ಇಳಿಸುವುದೇ ಕಷ್ಟವಾಯಿತು. ಅತ್ತೆ ಮಾತ್ರ, "ಮೃಗಶಿರ ನಕ್ಷತ್ರ, ಒಂದು ಕಡೆ ನಿಲ್ಲಲ್ಲ ಕಣೇ" ಅನ್ನುತ್ತಾರೆ. ಅದನ್ನೂ ಬರೆದಿದ್ದೇನೆ, 'ಅಜ್ಜಿ ಹೇಳಿದ್ದು' ಅಂತ. ಕಂಬ ಹಿಡಿದು ನಿಂತದ್ದನ್ನು ಅದರ ಕೆಳಗೇ ಬರೆದಿದ್ದೇನೆ.

ಬೇರೆಯವರನ್ನು ಕೇಳಲೇಬೇಕು. ಮನೆಯಲ್ಲಿರುವ ಮಗು ಬೇರೆ, ಅಂಗನವಾಡಿಯಲ್ಲಿರುವ ಮಗು ಬೇರೆ. ಆದರೆ "ನಮ್ಮ ಪುಟ್ಟಿ ಹೇಗಿದ್ದಾಳೆ?" ಅಂದರೆ "ಚೆನ್ನಾಗಿದ್ದಾಳೆ" ಅಂತಾರೆ, ಮುಗೀತು. "ಈ ವಾರ ಏನು ಮಾಡಿದಳು?" ಅಂತ ಕೇಳಿ. ಹಾಗೆ ಕೇಳಿದ್ದಕ್ಕೇ ಅಂಗನವಾಡಿಯ ಸಹಾಯಕಿ ಹೇಳಿದರು: ಹಾಲು ಕೊಡುವಾಗ ಕೊನೆಯ ಮಗುವಿನ ಲೋಟ ತುಂಬುವ ತನಕ ಇವಳು ತನ್ನ ಲೋಟ ಮುಟ್ಟುವುದಿಲ್ಲವಂತೆ. ಮನೆಯಲ್ಲಿ ಅಣ್ಣನ ಪಾಲಿನ ಚಕ್ಕುಲಿಯನ್ನೂ ಬಿಡದವಳು!

ಅಣ್ಣನನ್ನೂ ಕೇಳಿದೆ. "ಅವಳು ಸುಳ್ಳು ಹೇಳಲ್ಲ, ಅದೇ ತೊಂದರೆ" ಅಂದ. ಇದಕ್ಕಿಂತ ಚೆನ್ನಾಗಿ ನನಗೆ ಬರೆಯೋಕೆ ಬರುತ್ತಿರಲಿಲ್ಲ. ಅಂದ ಹಾಗೆ, ಒಬ್ಬರ ಪುಟದಲ್ಲಿ ಇನ್ನೊಬ್ಬರ ಜೊತೆ ಹೋಲಿಕೆ ಬೇಡ. 'ಅಣ್ಣನಿಗಿಂತ ಚುರುಕು' ಅಂತ ಬರೆದರೆ ಮುಂದೆ ಓದುವವರು ಇಬ್ಬರು ಅನ್ನುವುದು ನೆನಪಿರಲಿ.

ಮಗು ಮಾತಾಡಲು ಕಲಿತ ಮೇಲೆ ಅದನ್ನೂ ಕೇಳಿ. ವರ್ಷ ವರ್ಷವೂ ಅವೇ ಪ್ರಶ್ನೆ: ಯಾವುದು ಕಂಡರೆ ಹೆದರಿಕೆ, ಯಾರ ಜೊತೆ ಆಟ, ಅಮ್ಮ ಏನು ಮಾಡಿದರೆ ಸಿಟ್ಟು, ದೊಡ್ಡವಳಾದ ಮೇಲೆ ಏನಾಗ್ತೀಯ. ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಕಳೆದ ವರ್ಷ "ಬಸ್ಸಲ್ಲಿ ಪೀಪಿ ಊದೋಳು" ಅಂದಿದ್ದಳು. ಈ ವರ್ಷ "ಬಸ್ಸಿನ ಕಂಡಕ್ಟರ್, ಆದ್ರೆ ಚಿಲ್ರೆ ಅಣ್ಣ ಕೊಡ್ಬೇಕು."

ನಿಮಗೆ ಕಷ್ಟವಾದದ್ದನ್ನು ಬಿಡಬೇಡಿ. ಅದನ್ನು ನಿಮ್ಮ ಕಷ್ಟ ಅಂತಲೇ ಬರೆಯಿರಿ. 'ಬೆಳಿಗ್ಗೆ ಹೊರಡಿಸುವಷ್ಟರಲ್ಲಿ ನನಗೆ ಸಾಕಾಗಿ ಹೋಗುತ್ತೆ' ಅಂದರೆ ಮಗುವಿನ ಮೇಲೆ ಏನೂ ಹೊರಿಸಿದ ಹಾಗಾಗುವುದಿಲ್ಲ.

ಸಾಮಾನಿನ ಬಗ್ಗೆ ಎರಡು ಮಾತು. ಗಟ್ಟಿ ರಟ್ಟಿನ ಕಟ್ಟು ಪುಸ್ತಕ ತಗೊಳ್ಳಿ. ಜೆಲ್ ಪೆನ್ನು ಬೇಡ, ನಮ್ಮ ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತೆ. ಬಾಲ್ ಪೆನ್ನು ಸಾಕು. ಸ್ಟೀಲ್ ಡಬ್ಬದಲ್ಲಿ ನುಸಿಗುಳಿಗೆ ಜೊತೆ ಇಡಿ, ಇಲ್ಲದಿದ್ದರೆ ಹುಳ ಗ್ಯಾರಂಟಿ. ಫೋನಲ್ಲಿ ಮಾತ್ರ ಇಟ್ಟುಕೊಳ್ಳುವವರಿಗೆ ಹೇಳುವುದಾದರೆ, ಮಗನ ಎರಡನೇ ವರ್ಷದ ಮಾತುಗಳ ರೆಕಾರ್ಡಿಂಗೆಲ್ಲ ಫೋನಿನ ಜೊತೆ ಬಾವಿ ಸೇರಿತು. ಪುಟವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಅದು ಮಗುವಿನದ್ದು, ಅಲ್ವಾ?

ಬ್ಲೌಸ್ ಪಕ್ಕದಲ್ಲಿ ಒಳಗೆ ಬಟ್ಟೆ ಬಿಟ್ಟು ಎರಡು ಮೂರು ಹೊಲಿಗೆ ಹಾಕಿರುತ್ತೇವೆ, ಮೈ ಬಂದಾಗ ಒಂದು ಬಿಚ್ಚಿಕೊಳ್ಳಲು. ಹಾಗೇ ಪ್ರತಿ ಪುಟದ ಕೆಳಗೆ ಮೂರು ಗೆರೆ ಖಾಲಿ ಬಿಡಿ. ನೆಟ್ ಫ್ರಾಕಿನ ಮಾತು ಬರೆಯಲು ಆಗ ಜಾಗ ಸಿಕ್ಕಿದ್ದು ಅದರಿಂದಲೇ.

ಈ ವರ್ಷದ ಪುಟ ಹೀಗಿದೆ, ಬೇಕಾದರೆ ಮಾದರಿಗೆ ಇಟ್ಟುಕೊಳ್ಳಿ:

'ಐದು ತುಂಬಿತು. ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಕರೆಂಟಿಲ್ಲ. ತೋಟದಿಂದ ಬಂದಾಗ ಕಾಲಿಗೆ ಇಂಬಳ ಹತ್ತಿತ್ತು. ಅಳಲಿಲ್ಲ. ನಾನು ಉಪ್ಪು ತಂದರೆ, "ತಡಿ ಅಮ್ಮ, ಕುಡ್ದು ಮುಗೀಲಿ" ಅಂದಳು. ಅದು ಉಬ್ಬುವುದನ್ನು ಬಗ್ಗಿ ನೋಡುತ್ತಾ ಕೂತಳು. ಆಧಾರ್‌ಗೆ ಬೆರಳು ಒತ್ತಿಸಲು ಕರೆದುಕೊಂಡು ಹೋದೆವು, ನೀಲಿ ಕಾರ್ಡಿನ ಕಾಲ ಮುಗಿಯಿತು. ಅಲ್ಲಿ ಒಳಗೆ ಬರಲ್ಲ ಅಂತ ಬಾಗಿಲಲ್ಲೇ ನಿಂತಳು. ನಾಲ್ಕು ಜನರನ್ನು ಮುಂದೆ ಬಿಟ್ಟು ಕಾದೆವು. ಆಮೇಲೆ ತಾನೇ ಕುರ್ಚಿ ಹತ್ತಿದಳು. ಮಿಕ್ಸಿಗೆ ಈಗ ಓಡುವುದಿಲ್ಲ, ಕಿವಿ ಮಾತ್ರ ಮುಚ್ಚುತ್ತಾಳೆ. ಹುಟ್ಟುಹಬ್ಬಕ್ಕೆ ಹತ್ತಿ ಲಂಗ, ಒಳಗೆಲ್ಲ ಲೈನಿಂಗ್. ರಾತ್ರಿ ಮಲಗುವಾಗಲೂ ಬಿಚ್ಚಲಿಲ್ಲ.'

ಕೆಳಗೆ ಮೂರು ಗೆರೆ ಖಾಲಿ ಇದೆ.