ಯುಎಸ್‌ಪಿ14 ಕೊರತೆಯ ಇಲಿಗಳೊಡನೆ ಮೂರು ವರ್ಷ

ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನಾನು ಮೂರು ವರ್ಷ ಅಕ್ಸ್‌ಜೆ ಎಂಬ ತಳಿಯ ಇಲಿಗಳನ್ನು ನೋಡಿಕೊಂಡೆ. ಯುಎಸ್‌ಪಿ14 ಎಂಬ ಕಿಣ್ವದ ಕೊರತೆಯಿಂದ ಇವುಗಳಲ್ಲಿ ಕೆಲವಕ್ಕೆ ನರ ಮತ್ತು ಸ್ನಾಯುವಿನ ರೋಗ ಬರುತ್ತದೆ. ಮರಿಗಳಿಗೆ ಎರಡು ವಾರ ತುಂಬುವವರೆಗೆ ಯಾವುದಕ್ಕೆ ರೋಗವಿದೆ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಮೂರನೇ ವಾರದ ಹೊತ್ತಿಗೆ ಒಡಹುಟ್ಟಿದ ಏಳೆಂಟು ಮರಿಗಳಲ್ಲಿ ಒಂದೋ ಎರಡೋ ತೂಕದಲ್ಲಿ ಹಿಂದೆ ಬಿದ್ದು, ನಡೆಯುವಾಗ ಸಣ್ಣಗೆ ನಡುಗತೊಡಗುತ್ತವೆ. ಬಾಲ ಹಿಡಿದು ಎತ್ತಿದಾಗ ಆರೋಗ್ಯವಾಗಿರುವ ಮರಿ ಹಿಂಗಾಲುಗಳನ್ನು ಅಗಲವಾಗಿ ಚಾಚಿದರೆ, ಇವು ಹೊಟ್ಟೆಯ ಕಡೆಗೆ ಮುದುಡಿಕೊಳ್ಳುತ್ತಿದ್ದವು. ಹಾಗೇ ಬಿಟ್ಟರೆ ಹಿಂಗಾಲುಗಳ ಬಲ ಪೂರ್ತಿ ಹೋಗಿ ಎರಡು ತಿಂಗಳ ಆಸುಪಾಸಿನಲ್ಲಿ ಸಾಯುತ್ತವೆ. ಆ ಹಂತ ಮುಟ್ಟುವ ಮೊದಲೇ ನೋವಾಗದಂತೆ ಅವುಗಳ ಜೀವ ತೆಗೆಯುವುದು ನಮ್ಮ ಕಡ್ಡಾಯ ನಿಯಮವಾಗಿತ್ತು.

ಈ ರೋಗದ ಇಲಿಗಳ ಮೊದಲ ವಿವರಣೆ ಬಂದದ್ದು 1955ರಲ್ಲಿ. ಕಾರಣವಾದ ಜೀನ್ ಪತ್ತೆಯಾದದ್ದು ಮಾತ್ರ 2002ರಲ್ಲಿ. 18ನೇ ವರ್ಣತಂತುವಿನಲ್ಲಿರುವ ಯುಎಸ್‌ಪಿ14 ಜೀನಿನ ಐದನೇ ಇಂಟ್ರಾನ್‌ಗೆ (ಆರ್‌ಎನ್‌ಎಯಿಂದ ಕತ್ತರಿಸಿ ತೆಗೆದುಹಾಕುವ ಭಾಗಕ್ಕೆ), ಜೀನೋಮಿನೊಳಗೆ ಜಾಗ ಬದಲಿಸುವ ಡಿಎನ್ಎ ತುಣುಕೊಂದು ಬಂದು ಸೇರಿಕೊಂಡಿದೆ. ಅದರಿಂದ ಆರ್‌ಎನ್‌ಎ ಜೋಡಣೆ ಕೆಟ್ಟು, ಮಿದುಳಿನಲ್ಲಿ ಈ ಪ್ರೋಟೀನ್ ಶೇಕಡಾ 5ರಷ್ಟು ಮಾತ್ರ ಉಳಿಯುತ್ತದೆ.

ಜೀವಕೋಶವು ಕೆಡವಬೇಕಾದ ಪ್ರೋಟೀನಿಗೆ ಯೂಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಸರಪಳಿಯಾಗಿ ಅಂಟಿಸಿ, ಪ್ರೋಟಿಯಾಸೋಮ್ ಎಂಬ ಪುಡಿಮಾಡುವ ಯಂತ್ರಕ್ಕೆ ಒಪ್ಪಿಸುತ್ತದೆ. ಆ ಯಂತ್ರದ ಬಾಗಿಲಲ್ಲಿ ಕುಳಿತು, ಒಳಗೆ ಹೋಗುವ ಪ್ರೋಟೀನಿನಿಂದ ಯೂಬಿಕ್ವಿಟಿನ್ ಬಿಡಿಸಿ ಮರುಬಳಕೆಗೆ ಹಿಂತಿರುಗಿಸುವ ಕಿಣ್ವವೇ ಯುಎಸ್‌ಪಿ14. ಕಿಣ್ವ ಇಲ್ಲದಿದ್ದರೆ ಯೂಬಿಕ್ವಿಟಿನ್ ಅಂಟಿಸಿಕೊಂಡ ಪ್ರೋಟೀನುಗಳು ನರಕೋಶದಲ್ಲಿ ರಾಶಿ ಬೀಳುತ್ತವೆ ಎಂದು ನಾನು ಮೊದಲು ಊಹಿಸಿದ್ದೆ. ಆ ರಾಶಿ ನನಗೆ ಕಾಣಿಸಲಿಲ್ಲ. ಅಕ್ಸ್‌ಜೆ ಮಿದುಳಿನಲ್ಲಿ, ಅದರಲ್ಲೂ ನರಕೋಶಗಳು ಒಂದಕ್ಕೊಂದು ಸಂಕೇತ ದಾಟಿಸುವ ಸಿನಾಪ್ಸ್‌ಗಳಲ್ಲಿ, ಕಡಿಮೆಯಾಗಿರುವುದು ಯಾವುದಕ್ಕೂ ಅಂಟಿಕೊಳ್ಳದ ಬಿಡಿ ಯೂಬಿಕ್ವಿಟಿನ್. ಬಾಗಿಲಲ್ಲಿ ಬಿಡಿಸಿಕೊಳ್ಳುವವರಿಲ್ಲದೆ, ಹಿಂತಿರುಗಬೇಕಾದ ಯೂಬಿಕ್ವಿಟಿನ್ ಕೂಡ ಒಳಗೆ ಹೋಗಿ ಪುಡಿಯಾಗುತ್ತದೆ.

ಇದನ್ನು ನನ್ನ ಕೈಯಾರೆ ಅಳೆದು ತೋರಿಸಲು ಸುಮಾರು ಆರು ತಿಂಗಳು ಹಿಡಿಯಿತು. ಒಂದು ವಾರ ರೋಗದ ಇಲಿಯಲ್ಲಿ ಬಿಡಿ ಯೂಬಿಕ್ವಿಟಿನ್ ಕಡಿಮೆ ಬಂದರೆ ಮುಂದಿನ ವಾರ ರೋಗದ ಇಲಿ, ಆರೋಗ್ಯವಾಗಿರುವ ಇಲಿ ಎರಡರಲ್ಲೂ ಸಮ ಬರುತ್ತಿತ್ತು. ಅಂಗಾಂಶವನ್ನು ಅರೆದ ಮೇಲೆ ಜೀವಕೋಶ ಸತ್ತಿರುತ್ತದೆ, ಕಿಣ್ವಗಳು ಸತ್ತಿರುವುದಿಲ್ಲ. ಯೂಬಿಕ್ವಿಟಿನ್ ಬಿಡಿಸುವ ಇಂಥ ಹತ್ತಾರು ಕಿಣ್ವಗಳು ಮಂಜುಗಡ್ಡೆಯ ಮೇಲಿಟ್ಟ ಟ್ಯೂಬಿನಲ್ಲೂ ಸರಪಳಿಗಳನ್ನು ಕತ್ತರಿಸುತ್ತಲೇ ಇರುತ್ತವೆ. ಹೀಗೆ ಕತ್ತರಿಸಿ ಬಿದ್ದ ಯೂಬಿಕ್ವಿಟಿನ್, ಇಲಿಯ ದೇಹದಲ್ಲಿದ್ದ ಕೊರತೆಯನ್ನು ಟ್ಯೂಬಿನಲ್ಲಿ ಮುಚ್ಚಿಹಾಕುತ್ತದೆ. ಅದನ್ನು ತಡೆಯಲೆಂದೇ ನಾವು ಎನ್-ಈಥೈಲ್‌ಮ್ಯಾಲಿಯಿಮೈಡ್ ಎಂಬ ರಾಸಾಯನಿಕ ಹಾಕುತ್ತಿದ್ದೆವು, ಏಕೆಂದರೆ ಅದು ಈ ಕಿಣ್ವಗಳಲ್ಲಿ ಹೆಚ್ಚಿನವುಗಳ ಕೆಲಸಕ್ಕೆ ಬೇಕಾದ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡು ಅವನ್ನು ನಿಲ್ಲಿಸುತ್ತದೆ. ಆದರೆ ಪ್ರಯೋಗಾಲಯದಲ್ಲಿ ಮೊದಲಿನಿಂದ ನಡೆದುಬಂದ ಬಫರ್‌ನಲ್ಲಿ, ಅಂದರೆ ಅಂಗಾಂಶ ಅರೆಯುವ ದ್ರಾವಣದಲ್ಲಿ, ಡಿಟಿಟಿ ಎಂಬ ಇನ್ನೊಂದು ರಾಸಾಯನಿಕ ಕೂಡ ಇತ್ತು. ಡಿಟಿಟಿಯಲ್ಲಿರುವ ಗಂಧಕದ ಗುಂಪುಗಳಿಗೇ ಎನ್-ಈಥೈಲ್‌ಮ್ಯಾಲಿಯಿಮೈಡ್ ಅಂಟಿಕೊಂಡು, ಕಿಣ್ವದ ಹತ್ತಿರ ಹೋಗುವ ಮೊದಲೇ ಮುಗಿದುಹೋಗುತ್ತಿತ್ತು. ಡಿಟಿಟಿಯನ್ನು ಬಫರ್‌ನಿಂದ ತೆಗೆದು, ಎನ್-ಈಥೈಲ್‌ಮ್ಯಾಲಿಯಿಮೈಡನ್ನು ಆಯಾ ದಿನವೇ ಎಥನಾಲ್‌ನಲ್ಲಿ ಕರಗಿಸಿ ಕೊನೆಯ ಕ್ಷಣದಲ್ಲಿ ಸೇರಿಸತೊಡಗಿದ ಮೇಲೆ ಫಲಿತಾಂಶ ಒಂದೇ ದಿಕ್ಕಿಗೆ ಬರತೊಡಗಿತು. ಇನ್ನೊಂದು ತೊಂದರೆ, ಪ್ರೋಟೀನನ್ನು ಅಳೆಯಲು ಹಿಡಿದಿಡುವ ತೆಳು ಹಾಳೆಯಾದ ಮೆಂಬ್ರೇನಿನದು. ಬಿಡಿ ಯೂಬಿಕ್ವಿಟಿನ್ ಕೇವಲ 8.5 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನ್ ಆದ್ದರಿಂದ 0.45 ಮೈಕ್ರಾನ್ ರಂಧ್ರದ ಮೆಂಬ್ರೇನನ್ನು ದಾಟಿ ಹೋಗಿಬಿಡುತ್ತದೆ. ಇದನ್ನು ಅಳೆಯುವ ವೆಸ್ಟರ್ನ್ ಬ್ಲಾಟ್ ಎಂಬ ವಿಧಾನಕ್ಕೆ 0.2 ಮೈಕ್ರಾನಿನದೇ ಬೇಕು.

ಇಲಿಗಳ ಆರೈಕೆಯ ಒಂದು ವಿಷಯವನ್ನೂ ಹೇಳಲೇಬೇಕು. ಪಂಜರದ ಮೇಲ್ಗಡೆಯ ತಂತಿಯಲ್ಲಿರುವ ಆಹಾರಕ್ಕೆ ಹಿಂಗಾಲು ಸೋತ ಮರಿ ಎಟಕುವುದಿಲ್ಲ. ಅದು ಹಸಿವಿನಿಂದ ಸಣ್ಣಗಾದರೆ ಸ್ನಾಯು ಕರಗಿದ್ದು ರೋಗದಿಂದಲೋ ಉಪವಾಸದಿಂದಲೋ ತಿಳಿಯುವುದಿಲ್ಲ. ಆದ್ದರಿಂದ ತಾಯಿಯಿಂದ ಬೇರ್ಪಡಿಸಿದ ದಿನದಿಂದ ನೀರಿನಲ್ಲಿ ನೆನೆಸಿದ ಆಹಾರವನ್ನು ಪಂಜರದ ನೆಲದ ಮೇಲೆ, ಆರೋಗ್ಯವಾಗಿದ್ದ ಒಡಹುಟ್ಟುಗಳಿಗೂ ಸೇರಿಸಿ, ದಿನವೂ ಇಡುತ್ತಿದ್ದೆ.

ಸ್ನಾಯು ಮತ್ತು ನರ ಕೂಡುವ ಜಾಗವನ್ನು ನೋಡಲು, ಕಟ್ಟುಹಾವಿನ ಬಳಗದ ಹಾವೊಂದರ ವಿಷದಿಂದ ತೆಗೆದ ಬಂಗಾರೊಟಾಕ್ಸಿನ್‌ಗೆ ಹೊಳೆಯುವ ಬಣ್ಣ ಸೇರಿಸಿ ಬಳಸುತ್ತೇವೆ. ಆರೋಗ್ಯವಾಗಿರುವ ಇಲಿಯಲ್ಲಿ ಆ ಜಾಗ ಚಕ್ಕುಲಿಯ ಹಾಗೆ ಸುತ್ತಿಕೊಂಡು ಕಾಣುತ್ತದೆ, ಅದರ ಮೇಲೆ ನರದ ಕವಲುಗಳು ಅಚ್ಚುಕಟ್ಟಾಗಿ ಹಬ್ಬಿರುತ್ತವೆ. ಅಕ್ಸ್‌ಜೆಯಲ್ಲಿ ಕವಲುಗಳು ಕಡಿಮೆ, ನರದ ತುದಿ ಊದಿಕೊಂಡಿರುತ್ತದೆ. ಮೊದಲ ಸಲ ಅದನ್ನು ನೋಡಿದ ಸಂಜೆ, ಪಂಜರದಲ್ಲಿ ನಡುಗುತ್ತಿದ್ದ ಮರಿಯ ಕಷ್ಟ ಎಲ್ಲಿ ಶುರುವಾಗುತ್ತದೆ ಎಂಬುದು ನನಗೆ ಸ್ಪಷ್ಟವಾಗಿ ಅರ್ಥವಾಯಿತು. ನರಕೋಶಗಳಲ್ಲಿ ಹೆಚ್ಚುವರಿ ಯೂಬಿಕ್ವಿಟಿನ್ ತಯಾರಾಗುವಂತೆ ಮಾಡಿದ ತಳಿಯೊಡನೆ ಇವನ್ನು ಕೂಡಿಸಿದರೆ ಈ ಜಾಗ ಬಹುಮಟ್ಟಿಗೆ ಸರಿಹೋಗುತ್ತದೆ ಮತ್ತು ಮರಿಗಳು ಬದುಕುತ್ತವೆ ಎಂಬುದು 2011ರ ಹೊತ್ತಿಗೆ ಪ್ರಕಟವಾಗಿತ್ತು. ಅಂದರೆ ಸ್ನಾಯುವಿನ ಬಳಿ ಈ ಕಿಣ್ವದ ಮುಖ್ಯ ಕೆಲಸ ಯೂಬಿಕ್ವಿಟಿನ್‌ನ ದಾಸ್ತಾನು ಕಾಯುವುದು.

ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಭಾಗವಾದ ಹಿಪ್ಪೊಕ್ಯಾಂಪಸ್‌ನ ಕಥೆ ಬೇರೆ. ಅಲ್ಲಿನ ಸಿನಾಪ್ಸ್‌ಗಳ ದೋಷವನ್ನು ಸರಿಪಡಿಸಲು, ಕತ್ತರಿಸುವ ಶಕ್ತಿಯನ್ನೇ ಕಳೆದುಕೊಂಡ ಯುಎಸ್‌ಪಿ14 ಕೂಡ ಸಾಕಾಗುತ್ತದೆ ಎಂದು 2014ರ ಒಂದು ಅಧ್ಯಯನ ತೋರಿಸಿತು. ಪ್ರೋಟಿಯಾಸೋಮ್ ಜೊತೆ ಅದು ಕೂತಿರುವುದೇ ಒಂದು ಕೆಲಸವಿರಬೇಕು ಎಂದು ನಾನು ಅಂದಿನಿಂದ ನಂಬಿದ್ದೇನೆ. ಆದ್ದರಿಂದ ಈಗ ವಿದ್ಯಾರ್ಥಿಯೊಬ್ಬರು ಇಂಥ ಕಿಣ್ವದ ಪಾತ್ರ ತಿಳಿಯಲು ಜೀನನ್ನು ಪೂರ್ತಿ ತೆಗೆದ ಇಲಿ ಬೇಕೆಂದು ಬಂದಾಗ, ಕತ್ತರಿಸುವ ಕೆಲಸಕ್ಕೆ ಬೇಕಾದ ಸಿಸ್ಟೀನ್ ಒಂದನ್ನೇ ಬದಲಿಸಿದ ಇಲಿಯನ್ನೂ ಅದರ ಪಕ್ಕದಲ್ಲೇ ಸಾಕಲು ಪಂಜರ, ಅನುಮತಿ, ಹಣ ಮೂರನ್ನೂ ಮೊದಲೇ ಕೇಳಿಟ್ಟುಕೊಳ್ಳಿ ಎಂದು ಹೇಳುತ್ತೇನೆ.